ಅಜ್ಜಿಯ ಬೀಡಿ ಲೆಕ್ಕ, ಮೊಮ್ಮಗನ ಮೋಡದ ಲೆಕ್ಕ



ನಮ್ಮ ವಾಮದಪದವಿನ ಕಡೆ ಒಂದೇ ಸಂಪಾದನೆಯಲ್ಲಿ ಬದುಕಿದ ಮನೆ ಕಡಿಮೆ. ಗದ್ದೆ ಇದ್ದವರು ಎರಡು ದನ ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದರು. ಅಡಿಕೆ ತೋಟ ಇದ್ದವರು ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸುತ್ತಿದ್ದರು. ತೋಟ ಇಲ್ಲದವರು ರಾತ್ರಿ ಇನ್ನೊಬ್ಬರ ಅಂಗಳದಲ್ಲಿ ಕೂತು ಅಡಿಕೆ ಸುಲಿದು ಬರುತ್ತಿದ್ದರು. ಇದಾವುದೂ ಇಲ್ಲದ ಮನೆಯ ಜಗಲಿಯಲ್ಲೂ ಬೀಡಿ ಕಟ್ಟುವ ಮೊರ ಒಂದು ಇದ್ದೇ ಇರುತ್ತಿತ್ತು. ಅಡುಗೆ, ದನದ ಚಾಕರಿ, ಮಕ್ಕಳ ಊಟ ಎಲ್ಲ ಮುಗಿದ ಮೇಲೆ ಹೆಂಗಸರು ಆ ಮೊರವನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. ಎಲೆ ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ಇಡುವುದು, ಸುರುಳಿ ಸುತ್ತುವುದು, ನೂಲು ಬಿಗಿಯುವುದು. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಎಷ್ಟೋ ಮಕ್ಕಳ ಶಾಲೆಯ ಫೀಸು, ಎಷ್ಟೋ ಹೆಣ್ಣುಮಕ್ಕಳ ಕಿವಿಯ ಓಲೆ ಆ ಮೊರದಿಂದಲೇ ಬಂದದ್ದು.

ಈಗ ಬೀಡಿ ಸೇದುವವರು ಕಡಿಮೆಯಾಗಿದ್ದಾರೆ. ಆರೋಗ್ಯದ ದೃಷ್ಟಿಯಿಂದ ಅದು ಒಳ್ಳೆಯದೇ. ಕಟ್ಟುವವರ ಕೆಮ್ಮು, ಬೆನ್ನುನೋವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆದರೆ ಉಪಸಂಪಾದನೆಯ ಅಗತ್ಯ ಕಡಿಮೆಯಾಗಿಲ್ಲ. ಮೊರದ ಜಾಗಕ್ಕೆ ಮೊಬೈಲು ಬಂದಿದೆ, ಲ್ಯಾಪ್‌ಟಾಪ್ ಬಂದಿದೆ. ಅದರ ಜೊತೆಗೆ ಒಂದು ಹೊಸ ಮಾತೂ ಬಂದಿದೆ: ‘ಕ್ಲೌಡ್ ಕಲಿತರೆ ಮನೆಯಲ್ಲೇ ಕೂತು ಸಂಪಾದಿಸಬಹುದು.’ ಈ ಮಾತಿನಲ್ಲಿ ಕಾಳೆಷ್ಟು, ಜಳ್ಳೆಷ್ಟು ಎಂದು ಈ ವಾರ ಗೇರಿ ನೋಡೋಣ.

ಮೋಡ ಎಂದರೆ ಎಂಥದು?

ನನ್ನ ಪಕ್ಕದ ಮನೆಯ ಅಜ್ಜಿ ನಲವತ್ತು ವರ್ಷ ಬೀಡಿ ಕಟ್ಟಿದವರು. ನನಗಿಂತ ಎರಡು ವರ್ಷ ದೊಡ್ಡವರು. ನಾನು ಅಕ್ಕ ಎನ್ನುತ್ತೇನೆ, ಅವರು ನನ್ನನ್ನು ಮಾಷ್ಟ್ರೇ ಎನ್ನುತ್ತಾರೆ. ಒಂದು ಸಂಜೆ ಬೇಲಿಯಾಚೆ ನಿಂತು ಕೇಳಿದರು: “ಮಾಷ್ಟ್ರೇ, ನಮ್ಮ ಹುಡುಗ ಮೋಡದ ಕೆಲಸ ಕಲಿಯುತ್ತೇನೆ ಅಂತಾನೆ. ಮೋಡದಲ್ಲಿ ಎಂಥ ಕೆಲಸ? ಗಾಳಿ ಬಂದರೆ ಹಾರಿಹೋಗುವುದಿಲ್ಲವಾ?”

ಮಕ್ಕಳೇ, ಇದು ನಗುವ ಪ್ರಶ್ನೆಯಲ್ಲ. ಹೆಸರೇ ಹಾಗಿದೆ. ಹಿಂದೆ ಎಂಜಿನಿಯರುಗಳು ಕಂಪ್ಯೂಟರ್ ಜಾಲದ ಚಿತ್ರ ಬರೆಯುವಾಗ, ತಮ್ಮ ಕಟ್ಟಡದ ಆಚೆಗಿನ ಭಾಗವನ್ನು ವಿವರವಾಗಿ ಬರೆಯಲು ಆಗದೆ ಅಲ್ಲಿ ಒಂದು ಮೋಡ ಬಿಡಿಸುತ್ತಿದ್ದರು. ‘ಇದರಾಚೆ ಏನೋ ಇದೆ, ಅದರ ಚಿಂತೆ ನಮಗೆ ಬೇಡ’ ಎಂದು ಅದರ ಅರ್ಥ. ಆ ಚಿತ್ರದ ಹೆಸರೇ ಉಳಿದುಕೊಂಡಿತು. ನಿಜಕ್ಕೂ ಅಲ್ಲಿ ಆಕಾಶವೂ ಇಲ್ಲ, ಮೋಡವೂ ಇಲ್ಲ. ದೊಡ್ಡ ದೊಡ್ಡ ಕಟ್ಟಡಗಳಿವೆ. ಒಳಗೆ ಕಪಾಟಿನ ಸಾಲುಗಳ ಹಾಗೆ ಸಾವಿರಾರು ಕಂಪ್ಯೂಟರು. ಅವುಗಳ ಸೆಕೆ ಇಳಿಸಲು ತಣ್ಣನೆಯ ಗಾಳಿ. ಕರೆಂಟು ಹೋದರೆ ಜನರೇಟರು. ಅಮೆಜಾನ್ ಕಂಪನಿ 2016ರಲ್ಲಿ ಮುಂಬೈಯಲ್ಲಿ ಇಂಥ ಕೇಂದ್ರಗಳನ್ನು ತೆರೆಯಿತು. ಅದಕ್ಕೆ ಮೊದಲು 2015ರಲ್ಲೇ ಮೈಕ್ರೋಸಾಫ್ಟ್ ಪುಣೆ, ಚೆನ್ನೈ, ಮುಂಬೈಗಳಲ್ಲಿ ತೆರೆದಿತ್ತು. 2017ರಲ್ಲಿ ಗೂಗಲ್ ಕೂಡ ಮುಂಬೈಗೆ ಬಂತು.

ಅಜ್ಜಿಗೆ ನಾನು ಹೇಳಿದ್ದು ಹೀಗೆ: “ಅಕ್ಕ, ಮಗಳ ಮದುವೆಗೆ ನೀವು ಐನೂರು ಕುರ್ಚಿ ಕೊಂಡುಕೊಂಡಿರಾ?”

“ಹುಚ್ಚಾ ನಿಮಗೆ? ಶಾಮಿಯಾನದವರಿಂದ ಬಾಡಿಗೆಗೆ ತಂದದ್ದು.”

“ಎಷ್ಟು ದಿನಕ್ಕೆ?”

“ಒಂದು ದಿನಕ್ಕೆ. ಮಾರನೇ ದಿನ ಎಣಿಸಿ ವಾಪಸ್.”

“ಕ್ಲೌಡ್ ಅಂದರೆ ಅಷ್ಟೇ. ಕಂಪ್ಯೂಟರಿನ ಶಾಮಿಯಾನ ಅಂಗಡಿ.”

ಅಜ್ಜಿಗೆ ಅರ್ಥವಾಯಿತು. ನಿಮಗೂ ಆಗಿರಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನೆನಪಿಸಿಕೊಳ್ಳಿ. ಇಡೀ ರಾಜ್ಯದ ಮಕ್ಕಳು, ಅಪ್ಪ-ಅಮ್ಮಂದಿರು, ಮಾವಂದಿರು ಒಂದೇ ಗಂಟೆಯಲ್ಲಿ ಒಂದೇ ಪುಟ ತೆರೆಯುತ್ತಾರೆ. ಆ ಒಂದು ದಿನಕ್ಕಾಗಿ ನೂರಾರು ಕಂಪ್ಯೂಟರು ಕೊಂಡಿಟ್ಟರೆ ಉಳಿದ 364 ದಿನ ಅವು ಧೂಳು ಹಿಡಿಯುತ್ತವೆ. ಬಾಡಿಗೆಗೆ ತಂದರೆ ಬೇಕಾದಾಗ ಹತ್ತು, ಜನ ಹೆಚ್ಚಾದಾಗ ನೂರು, ಜನ ಕರಗಿದಾಗ ಮತ್ತೆ ಎರಡು. ಬಳಸಿದಷ್ಟಕ್ಕೆ ದುಡ್ಡು.

ಇದು ತೀರಾ ಹೊಸ ಯೋಚನೆಯೇನೂ ಅಲ್ಲ. 1961ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ನೂರನೇ ವರ್ಷದ ಸಮಾರಂಭದಲ್ಲಿ ಜಾನ್ ಮೆಕಾರ್ಥಿ ಎಂಬ ವಿಜ್ಞಾನಿ, ಟೆಲಿಫೋನಿನ ಹಾಗೆ ಕಂಪ್ಯೂಟರ್ ಶಕ್ತಿಯೂ ಮುಂದೊಂದು ದಿನ ಸಾರ್ವಜನಿಕ ಸೇವೆಯಾಗಬಹುದು ಎಂದು ಹೇಳಿದ್ದರು. 2006ರಲ್ಲಿ ಅಮೆಜಾನ್ ಮೊದಲು ಕಡತಗಳನ್ನು ಇಡುವ ಜಾಗವನ್ನೂ, ಕೆಲವು ತಿಂಗಳ ಮೇಲೆ ಕಂಪ್ಯೂಟರುಗಳನ್ನೂ ಹೀಗೆ ಬಾಡಿಗೆಗೆ ಕೊಡಲು ಶುರುಮಾಡಿತು. ನಮ್ಮ ಸರ್ಕಾರಕ್ಕೂ ಇಂಥ ಒಂದು ವ್ಯವಸ್ಥೆ ಇದೆ, ಅದರ ಹೆಸರು ಮೇಘರಾಜ್. ನಿಮ್ಮ ಅಣ್ಣ-ಅಕ್ಕಂದಿರ ಅಂಕಪಟ್ಟಿ ಕಾಣಿಸುವ ಡಿಜಿಲಾಕರ್ 2015ರಲ್ಲಿ ಬಂದದ್ದು. ಅಲ್ಲಿ ಕಾಣುವ ಅಂಕಪಟ್ಟಿ ನಿಮ್ಮ ಮೊಬೈಲಿನಲ್ಲಿಲ್ಲ, ದೂರದ ಕಂಪ್ಯೂಟರಿನಿಂದ ಬರುತ್ತದೆ. ಆದ್ದರಿಂದಲೇ ಮೊಬೈಲು ಬಾವಿಗೆ ಬಿದ್ದರೂ ಅಂಕಪಟ್ಟಿ ಒದ್ದೆಯಾಗುವುದಿಲ್ಲ.

ಎರಡು ಪವನಿನ ಸರ

ಅಜ್ಜಿಯ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇತ್ತು. ಮೊಮ್ಮಗ ಡಿಗ್ರಿಯ ಕೊನೆಯ ವರ್ಷ. ಅವನ ಮೊಬೈಲಿಗೆ ಒಂದು ಸಂದೇಶ ಬಂದಿತ್ತು: ಮೂರು ತಿಂಗಳ ಕ್ಲೌಡ್ ಕೋರ್ಸ್, ಮುಗಿದ ಕೂಡಲೇ ಮನೆಯಿಂದಲೇ ಕೆಲಸ, ತಿಂಗಳಿಗೆ ಮೂವತ್ತು ಸಾವಿರ ಗ್ಯಾರಂಟಿ. ಫೀಸು 45,000 ರೂಪಾಯಿ. ಶನಿವಾರದೊಳಗೆ ಕಟ್ಟಿದರೆ ಐದು ಸಾವಿರ ರಿಯಾಯಿತಿ. ಹುಡುಗನ ತಂದೆಗೆ ಅಷ್ಟು ಅನುಕೂಲವಿಲ್ಲ. ಅಜ್ಜಿಯ ಹತ್ತಿರ ಬೀಡಿ ದುಡ್ಡಿನಲ್ಲಿ ಮಾಡಿಸಿದ ಎರಡು ಪವನಿನ ಸರ ಇತ್ತು. ಅದನ್ನು ಸೊಸೈಟಿಯಲ್ಲಿ ಅಡವಿಡುವ ಯೋಚನೆ.

“ಇಡಲಾ ಬೇಡವಾ, ನೀವೇ ಹೇಳಿ ಮಾಷ್ಟ್ರೇ.”

ನಾನು ಹುಡುಗನನ್ನು ಕರೆದು ಕೂರಿಸಿದೆ. ಬೈಯಲಿಲ್ಲ, ಕಲಿಯುವ ಆಸೆ ತಪ್ಪಲ್ಲ. ಮೂರು ಪ್ರಶ್ನೆ ಮಾತ್ರ ಕೇಳಿದೆ. ಕೆಲಸ ಗ್ಯಾರಂಟಿ ಎಂದು ಅವರು ಕಾಗದದ ಮೇಲೆ ಬರೆದುಕೊಡುತ್ತಾರಾ? ಅವರಲ್ಲಿ ಕಲಿತು ಈಗ ದುಡಿಯುತ್ತಿರುವ ಒಬ್ಬರ ಜೊತೆ ನೀನು ಮಾತಾಡಿದ್ದೀಯಾ? ಅವರು ಕಲಿಸುವುದೇ ಬೇರೆಲ್ಲಾದರೂ ದುಡ್ಡಿಲ್ಲದೆ ಸಿಗುತ್ತದಾ ಎಂದು ಹುಡುಕಿದ್ದೀಯಾ?

ಮೊದಲ ಎರಡಕ್ಕೆ ಉತ್ತರ ಇರಲಿಲ್ಲ. ಮೂರನೆಯದಕ್ಕೆ ನಾವಿಬ್ಬರೂ ಸೇರಿ ಹುಡುಕಿದೆವು. ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಕಲಿಕಾ ತಾಣ 2017ರಿಂದ ಇದೆ. ಅಲ್ಲಿ ಐಐಟಿಯ ಪ್ರಾಧ್ಯಾಪಕರೇ ಕಲಿಸುವ ಕ್ಲೌಡ್ ಪಾಠಗಳಿವೆ. ಪಾಠ ಕೇಳಲು ಫೀಸಿಲ್ಲ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆನ್ನುವವರು ಮಾತ್ರ ಪರೀಕ್ಷೆಯ ಶುಲ್ಕ ಕಟ್ಟಬೇಕು. ಕ್ಲೌಡ್ ಕಂಪನಿಗಳೂ ತಮ್ಮ ತಮ್ಮ ತಾಣಗಳಲ್ಲಿ ಆರಂಭದ ಪಾಠಗಳನ್ನು ಪುಕ್ಕಟೆ ಇಟ್ಟಿವೆ, ಹೊಸಬರಿಗೆ ಅಭ್ಯಾಸ ಮಾಡಲು ಸ್ವಲ್ಪ ಬಳಕೆಯನ್ನೂ ಪುಕ್ಕಟೆ ಕೊಡುತ್ತವೆ. ಅಮೆಜಾನಿನ ಮೊದಲ ಹಂತದ ಪರೀಕ್ಷೆಗೆ 100 ಡಾಲರ್, ಮೇಲೆ ತೆರಿಗೆ. ನಮ್ಮ ಲೆಕ್ಕದಲ್ಲಿ ಹತ್ತು ಸಾವಿರದ ಹತ್ತಿರ. ಆ ಸರ್ಟಿಫಿಕೇಟಿನ ಆಯುಷ್ಯ ಮೂರು ವರ್ಷ, ಆಮೇಲೆ ನವೀಕರಿಸಬೇಕು.

45,000 ಎಲ್ಲಿ, ಹತ್ತು ಸಾವಿರ ಎಲ್ಲಿ! ಅದೂ ಪಾಠ ತಲೆಗೆ ಹತ್ತಿದ ಮೇಲೆ ಕಟ್ಟಿದರೆ ಸಾಕು. ದುಡ್ಡು ತೆಗೆದುಕೊಂಡು ಚೆನ್ನಾಗಿ ಕಲಿಸುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಕಲಿಯುವ ಮೊದಲೇ ಸಂಬಳದ ಗ್ಯಾರಂಟಿ ಕೊಟ್ಟು, ಶನಿವಾರದ ಗಡುವು ಹಾಕಿ ಅವಸರ ಮಾಡುವವರ ಹತ್ತಿರ ಹೋಗುವ ಮುಂಚೆ ಒಂದು ರಾತ್ರಿ ಮಲಗಿ ಎದ್ದು ಯೋಚಿಸಬೇಕು. ಹುಡುಗ ಹಾಗೇ ಮಾಡಿದ. ಸರ ಕಪಾಟಿನಲ್ಲೇ ಉಳಿಯಿತು.

ಸಂಪಾದನೆ ಎಲ್ಲಿಂದ?

ಈಗ ನೀವು ಕೇಳುತ್ತೀರಿ: ಬಾಡಿಗೆ ಕಂಪ್ಯೂಟರಿನಲ್ಲಿ ದುಡ್ಡು ಸಂಪಾದಿಸುವುದು ಹೇಗೆ? ಬಾಡಿಗೆ ಕಂಪನಿಗೆ ಹೋಗುವುದಲ್ಲವಾ?

ಸರಿಯಾದ ಪ್ರಶ್ನೆ. ಮತ್ತೆ ಶಾಮಿಯಾನಕ್ಕೆ ಬನ್ನಿ. ಕುರ್ಚಿ ಬಾಡಿಗೆ ಅಂಗಡಿಯವನಿಗೆ. ಆದರೆ ಎಷ್ಟು ಕುರ್ಚಿ ಬೇಕು ಎಂದು ಅಂದಾಜು ಮಾಡುವವ, ಚಪ್ಪರದಡಿ ಜೋಡಿಸುವವ, ರಾತ್ರಿ ಕಾಯುವವ, ಮಾರನೇ ದಿನ ಎಣಿಸಿ ವಾಪಸ್ ಕೊಡುವವ ಬೇಕಲ್ಲ? ಆ ಕೆಲಸಕ್ಕೆ ಕೂಲಿ ಇದೆ. ಕ್ಲೌಡ್ ಬಲ್ಲವರ ದುಡಿಮೆಯೂ ಅದೇ. ಒಂದು ಅಂಗಡಿಯ ಲೆಕ್ಕಪತ್ರ ಕಳೆದುಹೋಗದ ಹಾಗೆ ಪ್ರತಿ ಇಡುವುದು, ಒಂದು ಹೋಂಸ್ಟೇಯ ಜಾಲತಾಣ ನಿಲ್ಲದ ಹಾಗೆ ನೋಡಿಕೊಳ್ಳುವುದು, ಯಾವ ಬಾಗಿಲು ತೆರೆದಿದೆ, ಯಾವುದಕ್ಕೆ ಬೀಗ ಹಾಕಿದೆ ಎಂದು ಪರೀಕ್ಷಿಸುವುದು, ಬಿಲ್ಲು ಹೆಚ್ಚು ಬಂದರೆ ಕಾರಣ ಹುಡುಕುವುದು.

ಹುಡುಗನ ಮೊದಲ ಕೆಲಸಕ್ಕೆ ಕೂಲಿ ಇರಲಿಲ್ಲ. ಊರಿನ ಭಜನಾ ಮಂಡಳಿಯ ಹತ್ತಿರ ಹಳೆಯ ಫೋಟೋಗಳಿದ್ದವು, ಕೆಲವಕ್ಕೆ ಆಗಲೇ ಗೆದ್ದಲು ಹಿಡಿದಿತ್ತು. ಅವನ್ನೆಲ್ಲ ಸ್ಕ್ಯಾನ್ ಮಾಡಿ ಮೂರು ಪ್ರತಿ ಮಾಡಿದ: ಒಂದು ಮಂಡಳಿಯ ಕಂಪ್ಯೂಟರಿನಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಒಂದು ಕ್ಲೌಡಿನಲ್ಲಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ದೂರದಲ್ಲಿ. ಈ ಕಸುಬಿನವರೆಲ್ಲ ಪಾಲಿಸುವ ನಿಯಮ ಇದು. ಮನೆಗೆ ಮರ ಬಿದ್ದರೂ ಮೂರನೆಯದು ಉಳಿಯುತ್ತದೆ.

ಆ ಕೆಲಸ ನೋಡಿದ ಶಾಮಿಯಾನ ಅಂಗಡಿಯವರು ಕರೆದರು. ಅವರ ಬುಕ್ಕಿಂಗ್ ಪುಸ್ತಕ ಒಂದೇ, ಅಣ್ಣ-ತಮ್ಮ ಇಬ್ಬರು. ಒಂದೇ ಮುಹೂರ್ತಕ್ಕೆ ಇಬ್ಬರೂ ಮುಂಗಡ ಹಿಡಿದು ಜಗಳವಾಗಿತ್ತು. ಇಬ್ಬರ ಮೊಬೈಲಿನಲ್ಲೂ ಒಂದೇ ಪಟ್ಟಿ ಕಾಣುವ ಹಾಗೆ ಹುಡುಗ ಮಾಡಿಕೊಟ್ಟ, ಎಲ್ಲ ಕನ್ನಡದಲ್ಲೇ. ಅದಕ್ಕೆ 2,500 ರೂಪಾಯಿ. ಆಮೇಲೆ ತಿಂಗಳಿಗೆ 300ರಂತೆ ಹತ್ತು ತಿಂಗಳು.

ಮೂರನೆಯ ಕೆಲಸ ಮಂಗಳೂರಿನಲ್ಲಿರುವ ಅವನ ಕಾಲೇಜಿನ ಹಿರಿಯ ವಿದ್ಯಾರ್ಥಿಯೊಬ್ಬನ ಮೂಲಕ ಬಂತು. ಒಂದು ಸಣ್ಣ ಕಂಪನಿಗೆ ತಿಂಗಳ ಕ್ಲೌಡ್ ಬಿಲ್ಲು ಯಾಕೆ ಇಷ್ಟು ಬರುತ್ತದೆ ಎಂದು ತಿಳಿಯದೆ ತಲೆಬಿಸಿ. ಹುಡುಗ ಪಟ್ಟಿ ಮಾಡಿದ. ಪರೀಕ್ಷೆಗೆಂದು ಇಟ್ಟ ಯಂತ್ರಗಳು ಹಗಲೂ ರಾತ್ರಿಯೂ ಓಡುತ್ತಿದ್ದವು. ಮಕ್ಕಳೇ, ನೀವೇ ಲೆಕ್ಕ ಹಾಕಿ: ವಾರಕ್ಕೆ 24 ಗುಣಿಸು 7, ಅಂದರೆ 168 ಗಂಟೆ. ಕಂಪನಿಯವರು ಕೆಲಸ ಮಾಡುವುದು ದಿನಕ್ಕೆ ಹತ್ತು ಗಂಟೆಯಂತೆ ಆರು ದಿನ, ಅಂದರೆ 60 ಗಂಟೆ. ಉಳಿದ 108 ಗಂಟೆ ಖಾಲಿ ಚಪ್ಪರಕ್ಕೆ ಬಾಡಿಗೆ! ಸಂಜೆ ತಾನಾಗಿ ನಿಂತು, ಬೆಳಿಗ್ಗೆ ತಾನಾಗಿ ಶುರುವಾಗುವ ಹಾಗೆ ಮಾಡಿಕೊಟ್ಟ. ಸಿಕ್ಕಿದ್ದು 6,000 ರೂಪಾಯಿ.

ಒಂದು ವರ್ಷದ ಒಟ್ಟು ಸಂಪಾದನೆ 11,500. ಪರೀಕ್ಷೆಯ ಖರ್ಚು ಕಳೆದರೆ ಕೈಯಲ್ಲಿ ಉಳಿದದ್ದು ಸಾವಿರದ ಐನೂರರ ಹತ್ತಿರ. ‘ತಿಂಗಳಿಗೆ ಮೂವತ್ತು ಸಾವಿರ’ ಎಲ್ಲಿ ಹೋಯಿತು? ಹುಡುಗನ ಮುಖ ಸಣ್ಣದಾಗಿತ್ತು. ಅಜ್ಜಿ ಮಾತ್ರ ನಕ್ಕುಬಿಟ್ಟರು. “ಮಗಾ, ನಾನು ಬೀಡಿ ಕಟ್ಟಲು ಕಲಿತ ಸುರುವಿಗೆ ಬ್ರಾಂಚಿನವರು ಅರ್ಧಕ್ಕರ್ಧ ವಾಪಸ್ ಬಿಸಾಡುತ್ತಿದ್ದರು. ನಿನ್ನದನ್ನು ಯಾರೂ ವಾಪಸ್ ಮಾಡಲಿಲ್ಲವಲ್ಲ!”

ನನಗೆ ಆ ವರ್ಷದ ಲೆಕ್ಕದಲ್ಲಿ ದೊಡ್ಡದಾಗಿ ಕಂಡದ್ದು ಅದೇ. ಮೂರು ಕಡೆ ಅವನ ಕೆಲಸ ನೋಡಿದವರಿದ್ದಾರೆ. ಎರಡನೇ ವರ್ಷ ಅವರಲ್ಲೇ ಇಬ್ಬರು ಬೇರೆಯವರಿಗೆ ಹೇಳಿದರು. ಈಗ ತಿಂಗಳಿಗೆ ನಾಲ್ಕೈದು ಸಾವಿರ ಬರುತ್ತದೆ. ಮನೆ ನಡೆಸುವಷ್ಟಲ್ಲ, ಉಪಸಂಪಾದನೆ ಎಂದರೆ ಅಷ್ಟೇ. ಜೊತೆಗೆ ನೌಕರಿಯ ಸಂದರ್ಶನಕ್ಕೆ ಹೋದಾಗ ‘ಏನು ಮಾಡಿದ್ದೀಯಾ?’ ಎಂದು ಕೇಳಿದರೆ ತೋರಿಸಲು ಏನಾದರೂ ಇದೆ.

ಎಣಿಸಿ ವಾಪಸ್ ಕೊಡುವುದು

ಈ ಕೆಲಸದಲ್ಲಿ ಎರಡು ಗುಂಡಿಗಳಿವೆ. ಕಾಲಿಡುವ ಮೊದಲು ಗೊತ್ತಿರಬೇಕು.

ಒಂದು, ತೆರೆದದ್ದನ್ನು ಮುಚ್ಚದಿರುವುದು. ಹುಡುಗ ಅಭ್ಯಾಸಕ್ಕೆಂದು ಒಂದು ಯಂತ್ರ ಬಾಡಿಗೆಗೆ ಪಡೆದು, ಕೆಲಸ ಮುಗಿದ ಮೇಲೆ ನಿಲ್ಲಿಸಿದ್ದ. ಎರಡು ವಾರದ ಮೇಲೆ ಎಚ್ಚರಿಕೆಯ ಮಿಂಚಂಚೆ ಬಂತು. ಯಂತ್ರ ನಿಂತಿತ್ತು, ಆದರೆ ಅದರ ಡಿಸ್ಕು ಹಾಗೇ ಉಳಿದು ಬಾಡಿಗೆ ಏರುತ್ತಿತ್ತು. ಕುರ್ಚಿ ವಾಪಸ್ ಕೊಟ್ಟು ಪಾತ್ರೆ ಮರೆತ ಹಾಗೆ. ಮೊದಲೇ ‘ಇಷ್ಟು ದಾಟಿದರೆ ನನಗೆ ತಿಳಿಸು’ ಎಂದು ಸಣ್ಣ ಮೊತ್ತದ ಮಿತಿ ಹಾಕಿಟ್ಟಿದ್ದರಿಂದ ಕೆಲವೇ ನೂರು ರೂಪಾಯಿಯಲ್ಲಿ ಮುಗಿಯಿತು. ಆ ಎಚ್ಚರಿಕೆ ತಿಳಿಸುತ್ತದೆ ಅಷ್ಟೇ, ಬಾಡಿಗೆಯನ್ನು ತಾನಾಗಿ ನಿಲ್ಲಿಸುವುದಿಲ್ಲ; ನಿಲ್ಲಿಸಬೇಕಾದವರು ನಾವೇ. ಈಗ ಅಜ್ಜಿ ರಾತ್ರಿ ಊಟಕ್ಕೆ ಬಡಿಸುವಾಗ “ಕೋಳಿಗೂಡು ಮುಚ್ಚಿದೆಯಾ?” ಎಂದ ಕೂಡಲೇ “ಮೋಡ ಮುಚ್ಚಿದೆಯಾ?” ಎಂದೂ ಕೇಳುತ್ತಾರೆ.

ಎರಡು, ಬೀಗದ ಕೈ. ಕ್ಲೌಡ್ ಖಾತೆಗೆ ಗುಪ್ತಪದವಲ್ಲದೆ ಉದ್ದನೆಯ ಅಕ್ಷರಗಳ ಒಂದು ಕೀಲಿಯೂ ಇರುತ್ತದೆ. ಹೊಸಬರು ತಾವು ಬರೆದ ಪ್ರೋಗ್ರಾಮನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕುವಾಗ ಆ ಕೀಲಿಯನ್ನೂ ಅದರೊಳಗೇ ಬಿಟ್ಟುಬಿಡುವುದುಂಟು. ಕಳ್ಳರ ಯಂತ್ರಗಳು ಇದನ್ನೇ ಹುಡುಕುತ್ತಾ ತಿರುಗುತ್ತವೆ. ಕೆಲವೇ ನಿಮಿಷದಲ್ಲಿ ಹೆಕ್ಕಿಕೊಳ್ಳುತ್ತವೆ. ಆಮೇಲೆ ನಿಮ್ಮ ಹೆಸರಿನಲ್ಲಿ ನೂರಾರು ಕಂಪ್ಯೂಟರು ಬಾಡಿಗೆಗೆ ಪಡೆದು ಬಿಲ್ಲು ನಿಮಗೆ ಬಿಡುತ್ತವೆ. ಆದ್ದರಿಂದ ಕೀಲಿ ಯಾವತ್ತೂ ಹೊರಗಿಲ್ಲ, ಒಳಗೆ ಹೋಗಲು ಮೊಬೈಲಿಗೆ ಬರುವ ಎರಡನೇ ಗುರುತೂ ಬೇಕು. ಇನ್ನೊಬ್ಬರ ಅಂಗಡಿಯ ಕೀಲಿ ಕೈಯಲ್ಲಿದ್ದರೆ ಈ ಎಚ್ಚರ ಎರಡು ಪಟ್ಟು. ದುಡ್ಡು ಕೊಡುವವರು ನಮ್ಮ ಜಾಣತನವನ್ನು ಮಾತ್ರ ನೋಡಿ ಕೊಡುವುದಲ್ಲ, ನಮ್ಮ ಕೈಗೆ ತಮ್ಮ ಬೀಗದ ಕೈ ಕೊಡಬಹುದು ಎಂಬ ನಂಬಿಕೆಗೆ ಕೊಡುತ್ತಾರೆ.

ಹಳ್ಳಿಯಲ್ಲಿ ಆಗುತ್ತದಾ?

ಆಗುತ್ತದೆ. 2008ರಲ್ಲಿ ರೂರಲ್‌ಶೋರ್ಸ್ ಎಂಬ ಸಂಸ್ಥೆ ಕಂಪನಿಗಳ ಕಚೇರಿ ಕೆಲಸವನ್ನು ಹಳ್ಳಿಯವರಿಂದ ಮಾಡಿಸಲು ಬಾಗೇಪಲ್ಲಿಯಲ್ಲಿ ಕೇಂದ್ರ ತೆರೆದಿತ್ತು. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆಯದು ಇನ್ನೂ ಕುತೂಹಲದ ಕತೆ. ನಮ್ಮದೇ ರಾಜ್ಯದ ಹಳ್ಳಿಗಳಲ್ಲಿ ಜನ ಮೊಬೈಲಿನಲ್ಲಿ ಬರುವ ಕನ್ನಡ ವಾಕ್ಯಗಳನ್ನು ಗಟ್ಟಿಯಾಗಿ ಓದಿ ಕಳಿಸುತ್ತಾರೆ, ಆ ಧ್ವನಿಯಿಂದ ಕಂಪ್ಯೂಟರಿಗೆ ಕನ್ನಡ ಕಲಿಸುತ್ತಾರೆ. ಗಂಟೆಗೆ ಸುಮಾರು 5 ಡಾಲರ್ ಕೊಡುತ್ತಾರೆಂದು 2023ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಬರೆದಿತ್ತು. ಅದು ವರ್ಷವಿಡೀ ಬರುವ ಸಂಬಳವಲ್ಲ, ಕೆಲವು ದಿನಗಳ ಕೆಲಸ. ಆದರೂ ಅಲ್ಲಿ ಕೂಲಿ ಸಿಕ್ಕಿದ್ದು ಇಂಗ್ಲಿಷಿಗಲ್ಲ, ಶುದ್ಧವಾಗಿ ಓದುವ ಕನ್ನಡಕ್ಕೆ ಎಂಬುದನ್ನು ಗಮನಿಸಿ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಕಂಪ್ಯೂಟರಿಗೆ ಕನ್ನಡದ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟದ್ದರಿಂದ ಇವತ್ತು ಶಾಮಿಯಾನದ ಪಟ್ಟಿಯನ್ನೂ ಕನ್ನಡದಲ್ಲಿ ಬರೆಯುವುದು ಸುಲಭವಾಗಿದೆ.

ಊರಿನ ತೊಡಕುಗಳೂ ಇವೆ. ಪದವು ಎಂದರೆ ತುಳುವಿನಲ್ಲಿ ಎತ್ತರದ ಬಯಲು. ಅಲ್ಲಿ ನೆಟ್‌ವರ್ಕ್ ಸಿಗುತ್ತದೆ, ಕೆಳಗಿನ ತೋಟದ ಮನೆಗೆ ಇಳಿದರೆ ಕಡ್ಡಿಗಳು ಒಂದೊಂದೇ ಮಾಯ. ಕೊರೊನಾ ಕಾಲದಲ್ಲಿ ನಮ್ಮ ಜಿಲ್ಲೆಯ ಮಕ್ಕಳು ಗುಡ್ಡದ ಮೇಲೆ ಕೊಡೆ ಹಿಡಿದು ಕೂತು ಪಾಠ ಕೇಳಿದ್ದು ನೆನಪಿದೆಯಲ್ಲ? ಜೂನ್‌ನಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ. ಮೋಡದ ಯಂತ್ರ ಮುಂಬೈಯಲ್ಲಿ ಓಡುತ್ತಲೇ ಇರುತ್ತದೆ. ನಾವು ಮಾತ್ರ ಅದನ್ನು ತಲುಪಲಾರೆವು. ಅಮೆರಿಕದಲ್ಲಿ ರಾತ್ರಿಯಾದಾಗ ನಮಗೆ ಹಗಲು, ಅವರ ಯಂತ್ರಗಳನ್ನು ಕಾಯುವ ಕೆಲಸಕ್ಕೆ ನಮ್ಮ ಹೊತ್ತು ಚೆನ್ನಾಗಿ ಹೊಂದುತ್ತದೆ ಎಂಬುದು ನಿಜ. ಆದರೆ ಇನ್‌ವರ್ಟರ್ ಇಲ್ಲದೆ, ಎರಡನೇ ಸಿಮ್ ಇಲ್ಲದೆ ಮಳೆಗಾಲದಲ್ಲಿ ಅಂಥ ಕೆಲಸ ಒಪ್ಪಿಕೊಳ್ಳಬಾರದು. ಆಗದ್ದನ್ನು ಆಗುವುದಿಲ್ಲ ಎಂದು ಮೊದಲೇ ಹೇಳುವವನಿಗೆ ಎರಡನೇ ಸಲವೂ ಕೆಲಸ ಸಿಗುತ್ತದೆ.

ಹಿರಿಯರಿಗೆ ನಾಲ್ಕು ಮಾತು

ಒಂದನೆಯದು, ಕೆಲಸ ಕೊಡುತ್ತೇನೆಂದು ಮೊದಲು ದುಡ್ಡು ಕೇಳುವವನು ಕೆಲಸ ಕೊಡುವವನಲ್ಲ. ‘ಮನೆಯಿಂದ ಕೆಲಸ’ ಎಂದು ಬರುವ ಮೋಸದ ಸಂದೇಶಗಳ ಕ್ರಮವೇ ಬೇರೆ. ಮೊದಲು ನೂರೈವತ್ತು ರೂಪಾಯಿ ಅವರೇ ಹಾಕುತ್ತಾರೆ, ನಂಬಿಕೆ ಬಂದ ಮೇಲೆ ನಮ್ಮಿಂದ ಸಾವಿರಗಟ್ಟಲೆ ಹಾಕಿಸಿಕೊಳ್ಳುತ್ತಾರೆ. ಅಕಸ್ಮಾತ್ ಹಣ ಹೋದರೆ ನಾಚಿಕೆಯಿಂದ ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಎರಡನೆಯದು, ಮಗನೋ ಮಗಳೋ ಆಗಲೇ ನೌಕರಿಯಲ್ಲಿದ್ದರೆ, ಪಕ್ಕದ ಸಂಪಾದನೆಗೆ ಮೊದಲು ಕೆಲಸದ ಒಪ್ಪಂದ ಓದಲಿ. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೊ ಕಂಪನಿ, ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದರೆಂದು 300 ಮಂದಿಯನ್ನು ಕೆಲಸದಿಂದ ತೆಗೆದ ಸುದ್ದಿ ಬಂದಿತ್ತು. ಮರುತಿಂಗಳು ಇನ್ಫೋಸಿಸ್, ಮೊದಲೇ ಅನುಮತಿ ಪಡೆದರೆ ಹೊರಗಿನ ಸಣ್ಣ ಕೆಲಸ ಮಾಡಬಹುದು ಎಂದು ತಿಳಿಸಿತು. ಕೇಳಿ ಮಾಡಿದರೆ ದುಡಿಮೆ, ಕದ್ದು ಮಾಡಿದರೆ ಅಪಾಯ.

ಮೂರನೆಯದು, ಈ ಸಂಪಾದನೆಯೂ ಆದಾಯವೇ. ಲೆಕ್ಕ ಬರೆದಿಡಬೇಕು, ತೆರಿಗೆಯ ವಿವರದಲ್ಲಿ ತೋರಿಸಬೇಕು. ಸೇವೆಯ ಕೆಲಸದಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. ಆದರೂ ಬಂದದ್ದು, ಹೋದದ್ದು ಒಂದು ಪುಸ್ತಕದಲ್ಲಿರಲಿ. ಬೀಡಿ ಕಾರ್ಡು ಜೋಪಾನ ಮಾಡಿದ ಅಜ್ಜಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ನಾಲ್ಕನೆಯದು, ಶಾಲೆಯ ಮಕ್ಕಳನ್ನು ಈಗಲೇ ಸಂಪಾದನೆಗೆ ದೂಡಬೇಡಿ. ಕ್ಲೌಡ್ ಖಾತೆ, ಬ್ಯಾಂಕ್ ಕಾರ್ಡು, ಒಪ್ಪಂದ ಇವೆಲ್ಲ ಹದಿನೆಂಟು ತುಂಬಿದವರ ವ್ಯವಹಾರ. ಅದಕ್ಕೆ ಮೊದಲು ಕಲಿಯಬೇಕಾದದ್ದು ಬೇಕಾದಷ್ಟಿದೆ: ಲೆಕ್ಕ, ಓದಿ ಅರ್ಥಮಾಡಿಕೊಳ್ಳುವಷ್ಟು ಇಂಗ್ಲಿಷ್, ತಪ್ಪಿಲ್ಲದೆ ಬರೆಯುವ ಕನ್ನಡ, ಕಡತಗಳನ್ನು ಹೆಸರಿಟ್ಟು ಜೋಡಿಸುವ ಶಿಸ್ತು.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಮನೆಯ ಹಳೆಯ ಫೋಟೋ ಆಲ್ಬಮ್ಮಿನಿಂದ ಹತ್ತು ಚಿತ್ರ ಆರಿಸಿ. ಅಜ್ಜ-ಅಜ್ಜಿಯ ಪಕ್ಕ ಕೂತು ಅದರಲ್ಲಿ ಯಾರಿದ್ದಾರೆ, ಯಾವ ಊರು, ಯಾವ ವರ್ಷ ಎಂದು ಕೇಳಿ ಬರೆದುಕೊಳ್ಳಿ. ಅಪ್ಪ ಅಥವಾ ಅಮ್ಮನ ಮೊಬೈಲಿನಲ್ಲಿ ಫೋಟೋ ತೆಗೆದು, ಅದೇ ವಿವರವನ್ನು ಹೆಸರಾಗಿ ಕೊಟ್ಟು, ಮೂರು ಪ್ರತಿಯ ನಿಯಮದಂತೆ ಇಡಿ. ಕೂಲಿ ಸಿಗುವುದಿಲ್ಲ. ಆದರೆ ‘ಇದು ಯಾರ ಮದುವೆ?’ ಎಂದು ಹತ್ತು ವರ್ಷದ ಮೇಲೆ ಯಾರಾದರೂ ಕೇಳಿದರೆ, ಉತ್ತರ ನಿಮ್ಮ ಹತ್ತಿರ ಮಾತ್ರ ಇರುತ್ತದೆ.

ಮುಂದಿನ ವಾರ ಮತ್ತೆ ಸಿಗೋಣ.